ಬೇಕರಿ ಅಣ್ಣನವರಲ್ಲಿ ಒಂದು ಬೇಡಿಕೆ

ಬೇಕರಿ ಅಣ್ಣನವರಿಗೆ ನಮಸ್ಕಾರ,

ನಾನು ನಿಮ್ಮ ಎದುರು ಮಹಡಿಯಲ್ಲಿ ಬಟ್ಟೆ ಹೊಲಿಯುವವಳು. ಸಂಜೆ ಕೋಲೂರಿಕೊಂಡು ನಿಮ್ಮ ಅಂಗಡಿಗೆ ಬರುವ ಡ್ರೈವರ್ ತಾತ ನನ್ನ ಅಪ್ಪ. ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಮಾತ್ರೆ, ಇಂಜೆಕ್ಷನ್ ಎರಡೂ ಕೊಟ್ಟರೂ ಶುಗರ್ ಇಳಿಯುತ್ತಿರಲಿಲ್ಲ. ನಾನೇ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಡಾಕ್ಟರಮ್ಮನಿಂದ ಬೈಸಿಕೊಂಡೆ. ಕಳೆದ ವಾರ ಅಪ್ಪನ ಅಂಗಿ ಒಗೆಯುವಾಗ ಜೇಬಿನಲ್ಲಿ ಕೇಕಿನ ಚೂರು ಸಿಕ್ಕಿತು.

ಕೇಳಿದರೆ, "ಈ ವಯಸ್ಸಲ್ಲಿ ಎಂಥ ಪಥ್ಯ ಮಗಳೇ?" ಎಂದು ನಕ್ಕರು. ಅವರ ಕಾಲಿನ ಹುಣ್ಣು ಕಪ್ಪಾಗುತ್ತಿದೆ. ಹೀಗೇ ಆದರೆ ಬೆರಳು ತೆಗೆಯಬೇಕಾಗುತ್ತದಂತೆ. ಅದನ್ನೂ ಹೇಳಿದೆ. "ತೆಗೀಲಿ ಬಿಡು, ನಾನೇನು ಇನ್ನು ಬ್ರೇಕ್ ತುಳೀಬೇಕಾ?" ಅಂದರು.

ಬೈದೂ ನೋಡಿದೆ, ಅತ್ತೂ ನೋಡಿದೆ. ಹೊರಗೆ ಬಿಡದೆ ಬಾಗಿಲು ಹಾಕಿದರೆ ಊಟವನ್ನೇ ಬಿಟ್ಟರು. ಉಪವಾಸ ಇರುವವರಿಗೆ ಇಂಜೆಕ್ಷನ್ ಕೊಡಲೂ ಭಯ. ಕೊನೆಗೆ ಬಾಗಿಲು ತೆಗೆದೆ. ನನಗೆ ಇನ್ನೇನೂ ತೋಚುತ್ತಿಲ್ಲ.

ದಯವಿಟ್ಟು ಅವರಿಗೆ ಸಿಹಿ ಕೊಡಬೇಡಿ. ಹಾಗಂತ ಬರಬೇಡಿ ಎಂದೂ ಹೇಳಬೇಡಿ. ಅಮ್ಮ ಹೋದ ಮೇಲೆ ಅವರು ಮನಸ್ಸು ಬಿಚ್ಚಿ ಮಾತಾಡುವುದು ನಿಮ್ಮ ಹತ್ತಿರ ಮಾತ್ರ. ಸಕ್ಕರೆ ಹಾಕದ ಚಹಾ ಕೊಟ್ಟು ಕೂರಿಸಿ. ಮುನಿಸಿಕೊಂಡರೆ, ಮಗಳೇ ಬೇಡ ಅಂದಿದ್ದಾಳೆ ಎಂದು ಹೇಳಿ. ಕೋಪ ನನ್ನ ಮೇಲೇ ಬರಲಿ. ಬೈಯುವುದಕ್ಕಾದರೂ ನನ್ನ ಜೊತೆ ಮಾತಾಡುತ್ತಾರೆ.

ಇಂತಿ,
ನಿಮ್ಮ ಡ್ರೈವರ್ ತಾತನ ಮಗಳು