ಮನೆ ನಂಬರ್ ೪೧ರ ಎರಡನೇ ಒಲೆ

೧೨-೨-೬೧, ಭಾನುವಾರ. ಸುಳ್ಯ

ಇವತ್ತು ಹದಿನಾಲ್ಕು ಮನೆ. ಚಪ್ಪಲಿಯ ಬಾರು ಕಿತ್ತಿತು. ಶಾಲೆಯೂ ನೋಡಬೇಕು, ಜನಗಣತಿಯೂ ಮಾಡಬೇಕು — ಟೀಚರಿಗೆ ಇರುವುದು ಎರಡೇ ಕಾಲೆಂದು ಸರಕಾರಕ್ಕೆ ಯಾರು ಹೇಳಬೇಕು? ಯಾವ ಹೆಂಗಸೂ ಗಂಡನ ಹೆಸರು ಹೇಳುವುದಿಲ್ಲ. ನೆರೆಮನೆಯವಳನ್ನು ಕರೆದು ಹೇಳಿಸಬೇಕು.

ನಮ್ಮ ಮನೆಯೂ ನಾನು ಎಣಿಸುವ ಬ್ಲಾಕಿನಲ್ಲೇ. ನಂಬರ್ ೪೧. ಕೊನೆಗಿರಲಿ ಎಂದು ಬಿಟ್ಟೆ. ಊಟಕ್ಕೆ ಕೂತಾಗ ಅಣ್ಣ ಮೇದಪ್ಪ ಹೇಳಿದ, "ನಿನ್ನ ಚೀಟಿಯಲ್ಲಿ ಮದುವೆ ಆದವಳು ಅಂತಲೇ ಬರಿ ಶೀಲಾ. ಬೇರೆ ಎಂತದೂ ಬೇಡ."

ಗಂಡ ಬೊಂಬಾಯಿಗೆ ಹೋಗಿ ಎಂಟು ವರ್ಷವಾಯಿತು, ಒಂದು ಕಾರ್ಡಿಲ್ಲ. ಕಳೆದ ವರ್ಷ ಪೋಕರ್ ಸಾಹೇಬರ ಅಂಗಡಿ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೇಳಿದ್ದೆ. "ನಿಮ್ಮ ಅಣ್ಣ ಬಂದು ಹೇಳಲಿ ಟೀಚರ್" ಎಂದರು. ಅಣ್ಣ ಹೋಗಲೇ ಇಲ್ಲ. ಆಗಲೂ ಸುಮ್ಮನಿದ್ದೆ, ಇವತ್ತೂ ಹೂಂ ಎಂದೆ. ನನ್ನ ಮೇಲೇ ಸಿಟ್ಟು.

೧೭-೨, ಸಂಜೆ

ಹೊಳೆ ಬದಿಯ ಸುಂದರನ ಮನೆ. ಅವನ ತಾಯಿ ಅಮ್ಮು ಮನೆ ಹಿಂದಿನ ಇಳಿಮಾಡಿನ ಕೋಣೆಯಲ್ಲಿ ಒಬ್ಬಳೇ. ಮಗನ ಫಾರ್ಮಿಗೆ ಸೇರಿಸಲು ಹೊರಟಿದ್ದೆ. ಊದುಕೊಳವೆ ಹಿಡಿದುಕೊಂಡೇ ಹೊರಗೆ ಬಂದಳು.

"ನನ್ನನ್ನು ಅವನ ಒಟ್ಟಿಗೆ ಎಂತಕ್ಕೆ ಸೇರಿಸುದು? ನನ್ನ ಒಲೆ ಬೇರೆ ಉಂಟು."

ಸೂಚನೆಯ ಪುಸ್ತಕ ತೆಗೆದು ನೋಡಿದೆ. ಮುದುಕಿ ಹೇಳಿದ್ದೇ ಸರಿ. ಒಂದೇ ಅಡುಗೆ ಉಣ್ಣುವವರು ಒಂದು ಕುಟುಂಬ. ಒಲೆ ಬೇರೆಯಾದರೆ ಕುಟುಂಬವೂ ಬೇರೆ. ಬರೆದೆ — ಕುಟುಂಬದ ಮುಖ್ಯಸ್ಥೆ: ಅಮ್ಮು. ಓದಿ ಹೇಳಿದಾಗ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

ಹೊಟ್ಟೆಕಿಚ್ಚಾಯಿತು. ನಿಜ ಹೇಳುತ್ತೇನೆ.

೨೬-೨, ಭಾನುವಾರ

ಪೇಟೆಯಿಂದ ಸೀಮೆಎಣ್ಣೆ ಸ್ಟವ್ ತಂದೆ. ಒಂದು ಪಾತ್ರೆ, ಒಂದು ಬಟ್ಟಲು. ಇವತ್ತಿನಿಂದ ನನ್ನ ಕೋಣೆಯಲ್ಲಿ ನನ್ನ ಗಂಜಿ.

ಸೇವಂತಿ ಅತ್ತಿಗೆ ಬಂದು ನೋಡಿದಳು. "ಇದೆಂತ ಮಾರಾಯ್ತಿ? ನನ್ನ ಅಡುಗೆ ಅಷ್ಟು ಕೆಟ್ಟದಾ?" ಕಣ್ಣು ತುಂಬಿತ್ತು. ಪಾಪ, ಒಳ್ಳೆಯವಳು. ಏನು ಹೇಳಲಿ? ಒಂದೇ ಒಂದು ಕಾಗದದಲ್ಲಿ ನಾನು ಯಾರ ತಂಗಿಯೂ, ಯಾರ ಹೆಂಡತಿಯೂ ಆಗಿರಬಾರದು, ಅಷ್ಟೇ… ಎನ್ನಲೇ?

ಅಣ್ಣ ಬಾಗಿಲಲ್ಲಿ ನಿಂತು ಸ್ಟವ್ ನೋಡಿ ಹೋದ. ಅದೇ ಭಯ.

೧-೩, ಬೆಳಗ್ಗೆ ಏಳೂವರೆ

ಜನಗಣತಿಗೆ ಇವತ್ತು ಸೂರ್ಯ ಹುಟ್ಟುವಾಗ ಇದ್ದದ್ದೇ ಲೆಕ್ಕ. ಬೇಗ ಎದ್ದು ಸ್ಟವ್ ಹಚ್ಚಿದೆ. ಗಂಜಿ ಕುದಿಯಿತು. ಬೆಳಕು ಹರಿಯುವಾಗ ಬಾಗಿಲಲ್ಲಿ ಅಣ್ಣ. ಕೈಯಲ್ಲಿ ಅವನ ಬಟ್ಟಲು. ಹಿಂದೆ ಅತ್ತಿಗೆ, ಉಪ್ಪಿನಕಾಯಿ ಭರಣಿ ಹಿಡಿದು.

ನೆಲದಲ್ಲೇ ಕೂತ. "ನನಗೂ ಒಂದು ಸೌಟು ಹಾಕು."

"ಒಳಗೆ ಅಡುಗೆ ಆಗಲಿಲ್ಲವಾ?"

"ಒಲೆ ಹಚ್ಚಲೇ ಇಲ್ಲ. ಇನ್ನು ಎಲ್ಲರಿಗೂ ನಿನ್ನದೇ ಅಡುಗೆ." ಬಟ್ಟಲು ಮುಂದೆ ಒಡ್ಡಿ, ಮೆಲ್ಲಗೆ — "ನಿನ್ನ ಪುಸ್ತಕ ನಾನೂ ಓದಿದೆ ಶೀಲಾ. ಮೇಜಿನ ಮೇಲೇ ಉಂಟಲ್ಲ."

ಬೈದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬಟ್ಟಲು ಒಡ್ಡಿದವನಿಗೆ ಇಲ್ಲ ಎನ್ನಲು ನನಗೆ ಯಾರೂ ಕಲಿಸಿಲ್ಲ. ಹಾಕಿದೆ. ಅತ್ತಿಗೆಗೂ ಹಾಕಿದೆ. "ಉಪ್ಪು ಸರಿ ಉಂಟು" ಎಂದ. ನನ್ನ ಪಾಲಿಗೆ ಬರೀ ಗಂಜಿ ತಿಳಿ ಉಳಿಯಿತು.

ಈಗ ಚಾವಡಿಯಲ್ಲಿ ಕಾಯುತ್ತಿದ್ದಾನೆ. ಫಾರ್ಮು ತುಂಬಿಸಿ ತೋರಿಸಬೇಕಂತೆ.

ಮನೆ ನಂಬರ್ ೪೧. ಕುಟುಂಬ ಒಂದು. ಮುಖ್ಯಸ್ಥ: ಮೇದಪ್ಪ. ಶೀಲಾವತಿ, ವಯಸ್ಸು ಮೂವತ್ತೊಂದು. ಮುಖ್ಯಸ್ಥನಿಗೆ ಸಂಬಂಧ: ತಂಗಿ. ಮದುವೆ: — ಅಣ್ಣ ಹೇಳಿದ ಮಾತು ಈ ಕಾಲಮಿನಲ್ಲಿ ಇನ್ನೂ ಬರೆದಿಲ್ಲ.