ನಾನು ಗೆಲ್ಲದ ಶೋಗಿ ಆಟ

ಕಾರಡ್ಕ
೧೮ ಜೂನ್ ೨೦೨೫, ಬುಧವಾರ

ಪ್ರೀತಿಯ ಅಕ್ಷಯಾ,

ಸೊಂಟದ ನೋವು ಹೇಗಿದೆ? ಆ ವೃದ್ಧಾಶ್ರಮದಲ್ಲಿ ದಿನಕ್ಕೆ ಎಷ್ಟು ಜನರನ್ನು ಎತ್ತಿ ಕೂರಿಸುತ್ತೀಯೋ, ಬೆಲ್ಟ್ ಮಾತ್ರ ಕಟ್ಟಿಕೊಳ್ಳುವುದಿಲ್ಲ. ಇಲ್ಲಿ ಅಮ್ಮನೂ ನಾನೂ ಚೆನ್ನಾಗಿದ್ದೇವೆ. ದಿನಾ ವೀಡಿಯೊದಲ್ಲಿ ಮಾತಾಡುವವನು ಜಪಾನಿಗೆ ಕಾಗದ ಯಾಕೆ ಬರೆದ ಎಂದು ನಿನಗೆ ಅನಿಸಬಹುದು. ನಿನ್ನ ಮುಖ ನೋಡಿಕೊಂಡು ಇದನ್ನು ಹೇಳುವ ಧೈರ್ಯ ನನಗಿಲ್ಲ.

ನಿನ್ನ ಆಶ್ರಮದ ಒಗಾವಾ ಅಜ್ಜ ತಿಂಡಿ ಬಿಟ್ಟು ಗೋಡೆ ನೋಡುತ್ತಾ ಕೂತಿದ್ದಾರೆ, ಎದುರು ಆಡಲು ಒಬ್ಬರು ಸಿಕ್ಕರೆ ಏಳುತ್ತಾರೆ ಎಂದು ನೀನೇ ಅಲ್ಲವೇ ನನಗೆ ಶೋಗಿ ಕಲಿಸಿದ್ದು. ಚೆಸ್ಸಿನಂಥದೇ ಆಟ, ಆದರೆ ಹೊಡೆದ ಕಾಯಿ ಸಾಯುವುದಿಲ್ಲ, ಹೊಡೆದವನ ಕಡೆ ಸೇರಿ ಮತ್ತೆ ಮಣೆಗೆ ಇಳಿಯುತ್ತದೆ ಎಂದು ನೀನು ಹೇಳಿಕೊಟ್ಟೆ. ನಾನು ನಮ್ಮ ವೆಲ್ಡಿಂಗ್ ಶಾಪಿನ ತಗಡಿನ ಚೂರುಗಳಲ್ಲಿ ನಲವತ್ತು ಕಾಯಿ ಕತ್ತರಿಸಿ, ಗೇಟಿಗೆ ಬಳಿದು ಉಳಿದ ಪೈಂಟಿನಲ್ಲಿ ಕನ್ನಡ ಅಕ್ಷರ ಬರೆದೆ. ದಿನಕ್ಕೊಂದು ನಡೆ. ಅಜ್ಜ ತಿಂಡಿಗೆ ಮೊದಲು ನಡೆಸುವರು, ನೀನು ಫೋಟೊ ಕಳಿಸುವೆ, ಸಂಜೆಯೊಳಗೆ ನನ್ನ ಉತ್ತರ. ಮೊದಲ ಆಟ ಇಪ್ಪತ್ತು ದಿನದೊಳಗೆ ಸೋತೆ. ಆ ದಿನ ಅಜ್ಜ ಎರಡು ಬಟ್ಟಲು ಗಂಜಿ ಕೇಳಿ ಕುಡಿದರು ಎಂದು ನೀನು ಎಷ್ಟು ಖುಷಿಪಟ್ಟಿದ್ದೆ. ಸೋತದ್ದಕ್ಕೆ ನನಗೂ ಬೇಸರವಾಗಲಿಲ್ಲ.

ಎರಡನೆಯ ಆಟದಲ್ಲಿ ನನಗೆ ಬುದ್ಧಿ ಕೆಟ್ಟಿತು. ಶಾಪಿಗೆ ಬಂದವರೆಲ್ಲ ಮಣೆಯನ್ನು ಇಣುಕಿ ನೋಡುತ್ತಿದ್ದರು. "ಎಂತ ಮಾರಾಯ, ಅಷ್ಟು ದೂರದ ಮುದುಕನ ಕೈಲಿ ದಿನಾ ಪೆಟ್ಟು ತಿಂತಾ ಇದ್ದೀಯಾ?" ಎಂದು ಪಕ್ಕದ ಅಂಗಡಿಯ ಮಂಜ ಎಲ್ಲರ ಎದುರು ಕೇಳಿದ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಅವತ್ತೇ ಶೋಗಿ ಆಡುವ ಒಂದು ಪ್ರೋಗ್ರಾಂ ಫೋನಿಗೆ ಇಳಿಸಿದೆ. ಒಂದೇ ಒಂದು ನಡೆ ಕೇಳೋಣ ಎಂದುಕೊಂಡೆ. ಮರುದಿನ ಇನ್ನೊಂದು. ಆಮೇಲೆ ನಾನು ಮಣೆ ನೋಡುವುದನ್ನೇ ಬಿಟ್ಟೆ, ಅದು ತೋರಿಸಿದ್ದನ್ನು ನಿನಗೆ ಕಳಿಸಿ ಗ್ರಿಲ್ ಕೆಲಸಕ್ಕೆ ಕೂರುತ್ತಿದ್ದೆ. ನಲವತ್ತೊಂದನೇ ದಿನ ಅಜ್ಜ ಸೋತರು. "ಎಂತ ಮಾರಾಯ್ರೆ, ಇಷ್ಟು ದಿನ ಈ ತಲೆ ಎಲ್ಲಿ ಇಟ್ಟಿದ್ರಿ ನೀವು?" ಎಂದು ನೀನು ಹಿಗ್ಗಿ ಕೇಳಿದೆ. ನಾನು ನಕ್ಕೆ. ಆ ನಗು ನೆನಪಾದಾಗಲೆಲ್ಲ ಎಲ್ಲಿಗಾದರೂ ಓಡಿಹೋಗೋಣ ಎನಿಸುತ್ತದೆ.

ಮೊನ್ನೆ ಭಾನುವಾರ ನೀನು ಹೇಳಿದ್ದು ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಅರವತ್ತು ವರ್ಷ ಆಡಿದ ಅಜ್ಜ ಮಣೆಯನ್ನು ಬಟ್ಟೆಯಲ್ಲಿ ಕಟ್ಟಿ ಮೇಲಿಟ್ಟರಂತೆ. "ನಿನ್ನೆ ಮೊನ್ನೆ ಕಲಿತವನಿಗೆ ಸೋತೆ, ನನ್ನ ತಲೆ ಮುಗಿಯಿತು, ಮರೆವಿನ ಕಾಯಿಲೆಯವರ ಮಹಡಿಗೆ ನನ್ನನ್ನು ಸೇರಿಸಿ" ಎಂದು ಡಾಕ್ಟರರ ಹತ್ತಿರ ತಾವೇ ಹೇಳಿದರಂತೆ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ವಯಸ್ಸಾಯಿತಲ್ಲ, ಎಂತ ಮಾಡುವುದು ಎಂದೆ. ಮೋಸಕ್ಕಿಂತ ಆ ಮಾತು ಹೊಲಸು, ಅಕ್ಷಯಾ. ಅವರ ತಲೆ ಸರಿಯಾಗಿಯೇ ಇದೆ. ಅವರ ಎದುರು ಆಡಿದ್ದು ನಾನಲ್ಲ.

ಗಂಡ ಬಹಳ ಬುದ್ಧಿವಂತ ಎಂದು ಅಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೀಯ, ನಿನಗೂ ತಲೆ ತಗ್ಗಿಸುವ ಹಾಗೆ ಮಾಡಿದೆ. ನನ್ನ ಮೇಲಿನ ಸಿಟ್ಟಿನಲ್ಲಿ ಊಟ ಬಿಡಬೇಡ. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ರಾತ್ರಿ ಸೊಂಟಕ್ಕೆ ಬಿಸಿನೀರಿನ ಶಾಖ ಕೊಡಬೇಕಂತೆ.

ನಿನ್ನ
ಪ್ರವೀತ್

ತಾ.ಕ.: ಪೋಸ್ಟ್ ಆಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಜಪಾನಿಗೆ ಮುಟ್ಟಲು ಹದಿನೈದು ದಿನವಾದರೂ ಬೇಕು ಎಂದರು. ನನಗೆ ಕಾಗದವೇ ಯಾಕೆ ಬೇಕಾಯಿತು ಎಂದು ಈಗ ತಿಳಿಯಿತು. ಇನ್ನೂ ಹದಿನೈದು ದಿನ ನಿನ್ನ ಕಣ್ಣಿಗೆ ದೊಡ್ಡವನಾಗಿಯೇ ಇರಬಹುದಿತ್ತು. ಅಷ್ಟರಲ್ಲಿ ಅಜ್ಜ ಆ ಮಹಡಿಗೆ ಹೋಗಿಬಿಡುತ್ತಾರೆ. ಲಕೋಟೆ ಒಡೆದು ಇದರ ಫೋಟೊ ಈಗಲೇ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಅವರ ಹತ್ತಿರ ಹೋಗು. ಫೋನಿನಿಂದ ಏನೋ ತಪ್ಪಾಯಿತು ಎಂದು ಹೇಳಬೇಡ. ನನ್ನ ಗಂಡ ಮೋಸ ಮಾಡಿದ ಎಂದೇ ಹೇಳು.