ಆ ಕಡೆ ಕಾಣುವ ಬಟ್ಟೆ

ರಾಬರ್ಟ್‌ಸನ್‌ಪೇಟೆ
೧೪ ಏಪ್ರಿಲ್ ೧೯೫೮

ಅಕ್ಕಾ,

‘ಸೂರು ಬೇಡ ಅನ್ನೋನಿಗೆ ನೆಳ್ಳಾದ್ರೂ ಕೊಡು’ ಅಂದೆಯೋ, ‘ಕೊಡಿಸು’ ಅಂದೆಯೋ, ಸರಿಯಾಗಿ ನೆನಪಿಲ್ಲ. ಅಷ್ಟರಲ್ಲಿ ನಿನ್ನ ರೈಲು ಹೊರಟಿತ್ತು. ಆ ಮಾತಿಗೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ಬೈದುಕೋ. ಬಂಗಾರಪೇಟೆಯವರೆಗೆ ಬಂದೂ ನಿನ್ನ ಮನೆಗೆ ಬರದೆ ಹೋದೆನೆಂಬ ಸುದ್ದಿ ನಿನಗೆ ಮುಟ್ಟಿಯೇ ಇರುತ್ತದೆ. ನಿಮ್ಮ ಬೀದಿಯ ಮುನಿನಾರಾಯಣಮ್ಮ ನನ್ನನ್ನು ಪೇಟೆಯಲ್ಲಿ ನೋಡಿದಳು. ಬಂದಿದ್ದರೆ ನೀನು ಚೊಂಬಿನಲ್ಲಿ ನೀರು ಕೊಡುವ ಮೊದಲೇ ‘ಆಂಜಿ ನಿದ್ದೆ ಮಾಡ್ತಾವ್ನಾ?’ ಎಂದು ಕೇಳುತ್ತಿದ್ದೆ. ಅವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ. ಮಾಡುತ್ತಿದ್ದಾನೆ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ನಿಧಾನವಾಗಿ ಬರೆಯಬಹುದು.

ನೀನು ಹೋದ ಮೇಲೂ ಅವನು ಮನೆಯೊಳಗೆ ಮಲಗಲಿಲ್ಲ. ಗಣಿಯಲ್ಲಿ ಬಂಡೆ ಸಿಡಿದು, ಜೊತೆಗಾರ ಕುಪ್ಪುಸ್ವಾಮಿ ಕೆಳಗೇ ಉಳಿದು, ಇವನೊಬ್ಬ ಮೇಲೆ ಬಂದಾಗಿನಿಂದ ನಮ್ಮ ತಮ್ಮ ಆಂಜಿಗೆ ಚಾವಣಿ ಎಂದರೆ ಆಗದು. ತಾರಸಿಯ ಮೇಲೆ ಚಾಪೆ ಹಾಸಿಕೊಟ್ಟೆವು. ರಾತ್ರಿಯೆಲ್ಲ ಕುಳಿತೇ ಇರುತ್ತಿದ್ದ. ಬೆಳಗಾಗುತ್ತ ಕಣ್ಣು ಹತ್ತುವ ಹೊತ್ತಿಗೆ ಬಿಸಿಲು ಏರುತ್ತಿತ್ತು. ನಿದ್ದೆ ಬರದಿದ್ದರೆ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು ಡಾಕ್ಟರು. ಎಂಥ ಆಸ್ಪತ್ರೆ ಎಂದು ನಾನು ಕೇಳಲಿಲ್ಲ. ಅವರು ನನ್ನ ಮುಖ ನೋಡದೆ ಹೇಳಿದ್ದರಲ್ಲೇ ಗೊತ್ತಾಯಿತು.

ಹಾಗಾಗಿ ತಾರಸಿಯ ಮೇಲೆ ನೆರಳಿಗೊಂದು ಬಟ್ಟೆ ಹುಡುಕಲು ಹೊರಟೆ. ಬಿಸಿಲಿನಲ್ಲಿ ಬಿದ್ದಿರುವ ಬಟ್ಟೆಗೂ ಒಂದೊಂದು ಸ್ವಭಾವವಿದೆ, ಅಕ್ಕಾ. ಗೋಣಿತಾಟು ನಾರು ಉದುರಿಸುತ್ತದೆ. ಖಾಕಿ ಒಂದೇ ಬೇಸಿಗೆಗೆ ಬಿಳಚಿಕೊಂಡು ಮಡಿಕೆಯಲ್ಲಿ ಹರಿಯುತ್ತದೆ. ಹಾಸಿಗೆಯ ಪಟ್ಟೆಬಟ್ಟೆ ಮಳೆಹನಿ ಬಿದ್ದರೆ ಹೊಟ್ಟೆ ಬಿಡುತ್ತದೆ. ಕೊನೆಗೆ ಈ ಊರಿನವರೆಲ್ಲ ಮಾಡುವುದನ್ನೇ ಮಾಡಿದೆ. ಇಲ್ಲಿ ಬಟ್ಟೆ ಒಣಹಾಕುವ ತಂತಿ ಗಣಿಯದು, ಬಚ್ಚಲಿನ ತಗಡು ಗಣಿಯದು, ಕೋಳಿಗೂಡಿನ ಜಾಲರಿಯೂ ಗಣಿಯದೇ. ಆಂಡರ್ಸನ್‌ಪೇಟೆಯ ಗುಜರಿಯಿಂದ ನಾನೂ ಗಣಿಯ ಹಳೆಯ ಕ್ಯಾನ್ವಾಸು ತಂದೆ. ಸುರಂಗದಲ್ಲಿ ಗಾಳಿಯನ್ನು ಬೇಕಾದ ಕಡೆಗೆ ತಿರುಗಿಸಲು ಅಡ್ಡ ಇಳಿಬಿಡುತ್ತಾರಲ್ಲ, ಆ ಡಾಂಬರು ಹಚ್ಚಿದ ಬಟ್ಟೆ. ಕಂಬ ನಿಲ್ಲಿಸಿ ನಾನೇ ಕಟ್ಟಿದೆ. ಕೆಳಗೆ ನಿಂತು ನೋಡಿದಾಗ ಸ್ವಲ್ಪ ಹೆಮ್ಮೆಯೂ ಆಯಿತು.

‘ಚೆನ್ನಾಗೈತಣ್ಣಾ’ ಎಂದ ಆಂಜಿ. ಅಷ್ಟೇ.

ಮೂರು ನಾಲ್ಕು ದಿನ ಕಳೆದಿರಬೇಕು. ಮಧ್ಯಾಹ್ನ ಮಜ್ಜಿಗೆ ತೆಗೆದುಕೊಂಡು ಹೋದ ನಮ್ಮ ಮನೆಯಾಕೆ ಕನಕಳಿಗೆ ಕಂಡದ್ದು ಇದು: ನೆರಳಿನಲ್ಲಿ ಎರಡು ಕಾಗೆ, ಉರಿಬಿಸಿಲಿನಲ್ಲಿ ಮೈದುನ.

‘ಆ ನೆಳ್ಳು ಕಾಗೆಗಳ್ಗೆ ಕಟ್ಟಿದ್ದಾ ಆಂಜಿನಪ್ಪಾ?’

‘ಇರ್ಲಿ ಬಿಡತ್ಗೆ, ಅವೂ ಬಾಡಿಗೆ ಕೊಡ್ತವೆ’ ಎಂದು ನಕ್ಕನಂತೆ. ಆಮೇಲೆ ಮಜ್ಜಿಗೆ ಕುಡಿಯದೆ ಲೋಟ ತಿರುಗಿಸುತ್ತ ಹೇಳಿದನಂತೆ, ‘ಅದು ಕೆಳಗಿನ ಬಟ್ಟೆ ಅತ್ಗೆ. ಆ ಕಡೆ ಯಾರವ್ರೆ ಅಂತ ಕಾಣಾಕಿಲ್ಲ.’

ಕಚೇರಿಯಿಂದ ಬಂದ ನನಗೆ ಕಾಫಿಯ ಬದಲು ಸಿಕ್ಕಿದ್ದು ಕನಕಳ ಮಾತು: ‘ಗಣಿಯಿಂದ ಎದ್ದು ಬಂದೋನ ತಲೆ ಮ್ಯಾಲೆ ಗಣೀನೇ ಕಟ್ಟಿದ್ರಲ್ಲಾ! ಮೂಗಿಲ್ವಾ ನಿಮ್ಗೆ?’

ಹತ್ತಿ ಹೋಗಿ ಆ ಬಟ್ಟೆಯ ಕೆಳಗೆ ಮಲಗಿ ನೋಡಿದೆ. ಡಾಂಬರಿನ ವಾಸನೆಯ ಹಿಂದೆ ಇನ್ನೊಂದು ವಾಸನೆಯಿತ್ತು, ಹಸಿ ಕಲ್ಲಿನದು. ಮೇಲೆ ಆಕಾಶವಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಏನೂ ಪ್ರಯೋಜನವಾಗಲಿಲ್ಲ. ಅವತ್ತೇ ಬಿಚ್ಚಿ ಸುತ್ತಿಟ್ಟೆ.

ಬಂಗಾರಪೇಟೆಗೆ ಬಂದದ್ದು ಆಗಲೇ. ಮದುವೆಗೆ ಶಾಮಿಯಾನ ಹಾಕುವ ಬಚ್ಚಪ್ಪನ ಅಂಗಡಿಯಲ್ಲಿ ಒಂದೊಂದೇ ಬಟ್ಟೆ ಬಿಡಿಸಿ, ಬಿಸಿಲಿಗೆ ಹಿಡಿದು, ಹಿಂದೆ ಅಂಗೈ ಇಟ್ಟು ನೋಡಿದೆ. ಬೆರಳು ಕಂಡರೆ ಸರಿ, ಕಾಣದಿದ್ದರೆ ಬೇಡ. ಬಚ್ಚಪ್ಪ ಬಹಳ ಹೊತ್ತು ತಡೆದುಕೊಂಡ.

‘ಬಿಸ್ಲು ಬೀಳ್ಬಾರ್ದು ಅಂತೀರ, ಆಕಾಸ ಕಾಣ್ಬೇಕು ಅಂತೀರ. ಛತ್ರಿ ಬೇಕಾ, ಕನ್ನಡಕ ಬೇಕಾ ಸ್ವಾಮಿ?’

‘ಎರಡೂ ಆಗೋದು ಕೊಡಪ್ಪ.’

ಮೂಲೆಯಿಂದ ಒಂದನ್ನು ಎಳೆದ. ಎಷ್ಟೋ ಮದುವೆ ಕಂಡು, ಒಗೆದೂ ಒಗೆದೂ ತೆಳ್ಳಗಾದ ಬಿಳಿ ಬಟ್ಟೆ. ಅಂಚಿನ ಕೆಂಪು ಪಟ್ಟೆ ಈಗ ಗುಲಾಬಿ. ‘ಇದ್ರ ಕೆಳಗೆ ಮದ್ವೆ ಮಾಡ್ಸಿದ್ರೆ ಬೀಗ್ರು ಬೈತಾರೆ, ತಗೊಂಡೋಗಿ’ ಎಂದ. ಹಿಂದೆ ಇಟ್ಟ ನನ್ನ ಅಂಗೈ ಅದರಲ್ಲಿ ಹಾಲಿನೊಳಗಿನ ಎಲೆಯ ಹಾಗೆ ಕಂಡಿತು.

ಬಿಗಿಯಾಗಿ ಕಟ್ಟಲು ಹೋದೆ. ‘ಸಡಿಲ ಬಿಡಣ್ಣಾ, ಅದೂ ಉಸ್ರಾಡ್ಲಿ’ ಎಂದ ಆಂಜಿ. ಅವನಾಗಿಯೇ ಮಾತಾಡಿದ್ದು ಬಹಳ ದಿನದ ಮೇಲೆ. ಮರುದಿನ ಬೆಳಿಗ್ಗೆ ಅದರ ಕೆಳಗೆ ಉರುಳಿದ. ಮೇಲೆ ಕಾಗೆ ನಡೆದರೆ ಅದರ ಕಾಲಿನ ನೆರಳು ಅವನ ಎದೆಯ ಮೇಲೆ ನಡೆಯುತ್ತದೆ. ಗಣಿಯ ಸೈರನ್ ಕೂಗಿತು, ಏಳಲಿಲ್ಲ. ಒಗ್ಗರಣೆ ಸದ್ದಾದೀತೆಂದು ಕನಕ ನನಗೆ ಬರೀ ಬೇಯಿಸಿದ ಬೇಳೆ ಬಡಿಸಿದಳು. ಅಷ್ಟು ರುಚಿಯಾದ ಊಟ ನಾನು ಈಚೆಗೆ ಮಾಡಿಲ್ಲ.

ಈಗ ದಿನವೂ ಮಲಗುತ್ತಾನೆ. ಡಾಕ್ಟರು ಬೆಂಗಳೂರಿನ ಮಾತು ಬಿಟ್ಟಿದ್ದಾರೆ. ಭಾವನಿಗೆ ನಮಸ್ಕಾರ, ಮಕ್ಕಳು ಚೆನ್ನಾಗಿರಲಿ. ನೀನು ಅಲ್ಲಿಂದಲೇ ಅವನ ತಲೆ ಮೇಲೆ ಕೈಯಿಟ್ಟೆ ಎಂದುಕೊಳ್ಳುತ್ತೇನೆ.

ನಿನ್ನ ತಮ್ಮ,
ಜಯರಾಮ

ಇನ್ನೊಂದು ಮಾತು. ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ಕೆಳಗೆ ಆ ಅಡ್ಡಬಟ್ಟೆ ಕಟ್ಟಿದ್ದು ಆಂಜಿಯೇ ಅಂತೆ. ಕುಪ್ಪುಸ್ವಾಮಿ ಸೆಕೆ ಎಂದನಂತೆ. ಗಾಳಿ ಅವನ ಕಡೆಗೆ ಹೋಗಲಿ ಎಂದು ಬಟ್ಟೆ ಇಳಿಬಿಟ್ಟು, ಇವನು ಈಚೆ ಸೆಕೆಯಲ್ಲಿ ಉಳಿದ. ಬಂಡೆ ಸಿಡಿದದ್ದು ಆಚೆ. ಇದನ್ನು ಕನಕಳಿಗೆ ಹೇಳಿದ್ದಾನೆ, ನನಗೆ ಹೇಳಿಲ್ಲ, ನೀನೂ ಕೇಳಬೇಡ. ಮಲಗುವ ಮೊದಲು ಆ ಬಿಳಿ ಬಟ್ಟೆ ಗಾಳಿಗೆ ಉಬ್ಬುವುದನ್ನೇ ನೋಡುತ್ತಾನೆ. ಆಮೇಲೆ, ಮೆಟ್ಟಿಲಲ್ಲಿ ನಿಂತ ನನಗೆ ಕೇಳಿಸುತ್ತದೆಂದು ತಿಳಿಯದೆ, ಮೆಲ್ಲಗೆ ಕೇಳುತ್ತಾನೆ:

‘ಕುಪ್ಪಾ, ಆ ಕಡೆ ಗಾಳಿ ಬತ್ತಾ ಐತಾ?’